ವಿಷಮಶೀತ ಜ್ವರ: ಯಾವ ಔಷಧ, ಯಾರಿಗೆ, ಯಾವಾಗ?

2009ರಲ್ಲಿ ಎಚ್1ಎನ್1 ಜ್ವರವು ಬೆಂಗಳೂರನ್ನು ಆವರಿಸಿದಾಗ ಜಯನಗರದ ಸುತ್ತಲಿನವರ ಬಾಯಲ್ಲಿ ಎರಡು ಸಂಸ್ಥೆಗಳ ಹೆಸರಿತ್ತು: ಗಂಟಲ ದ್ರವವನ್ನು ಪರೀಕ್ಷಿಸುತ್ತಿದ್ದ ನಿಮ್ಹಾನ್ಸ್, ರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ. ಟಾಮಿಫ್ಲೂ ಎಂದು ಜನ ಕರೆಯುವ ಒಸೆಲ್ಟಾಮಿವಿರ್ ಆಗ ಮೊದಮೊದಲು ಔಷಧದ ಅಂಗಡಿಯಲ್ಲಿ ದೊರೆಯುತ್ತಿರಲಿಲ್ಲ. ಇಂದು ವೈದ್ಯರ ಚೀಟಿಯಿದ್ದರೆ ದೊರೆಯುತ್ತದೆ.

ವೈರಾಣುವು ನಮ್ಮ ಜೀವಕೋಶವನ್ನು ಹೊಕ್ಕು ತನ್ನ ಪ್ರತಿಗಳನ್ನು ಸೃಷ್ಟಿಸಿ, ನ್ಯೂರಮಿನಿಡೇಸ್ ಎಂಬ ಕಿಣ್ವದ ನೆರವಿನಿಂದ ಹೊರಬಂದು ಬೇರೆ ಕೋಶಗಳಿಗೆ ಹರಡುತ್ತದೆ. ಒಸೆಲ್ಟಾಮಿವಿರ್, ಜನಾಮಿವಿರ್, ಪೆರಾಮಿವಿರ್ ಮೂರೂ ಈ ಹೊರಬಾಗಿಲನ್ನು ಮುಚ್ಚುತ್ತವೆ. ಬಲಾಕ್ಸವಿರ್ ಪ್ರತಿ ತಯಾರಾಗುವುದನ್ನೇ ತಡೆಯುತ್ತದೆ. ಆದುದರಿಂದಲೇ ರೋಗ ಕಾಣಿಸಿದ 48 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲ.

ಒಸೆಲ್ಟಾಮಿವಿರ್ ವಯಸ್ಕರಿಗೆ 75 ಮಿಲಿಗ್ರಾಂ, ದಿನಕ್ಕೆರಡು ಬಾರಿ, ಐದು ದಿನ. ಮಕ್ಕಳಿಗೆ ತೂಕದ ಪ್ರಕಾರ. ಮೂತ್ರಪಿಂಡ ದುರ್ಬಲವಾದವರಿಗೆ ಪ್ರಮಾಣ ಕಡಿಮೆ. ವಾಕರಿಕೆ ಬರುವುದುಂಟು, ಊಟದೊಡನೆ ತೆಗೆದುಕೊಂಡರೆ ಅದು ತಗ್ಗುತ್ತದೆ. ಆರೋಗ್ಯವಂತರಲ್ಲಿ ಇದು ಜ್ವರದ ಅವಧಿಯನ್ನು ಸುಮಾರು ಒಂದು ದಿನ ಮಾತ್ರ ಮೊಟಕುಗೊಳಿಸುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಜನಾಮಿವಿರ್ ಒಳಗೆಳೆದುಕೊಳ್ಳುವ ಪುಡಿ, ಉಬ್ಬಸವುಳ್ಳವರಿಗೆ ಸಲ್ಲದು. ಪೆರಾಮಿವಿರ್ ರಕ್ತನಾಳಕ್ಕೆ ಒಮ್ಮೆ ಕೊಡುವ ಔಷಧ. ಬಲಾಕ್ಸವಿರ್ ಒಂದೇ ಸಲ ನುಂಗುವ ಮಾತ್ರೆ. ಹಾಲು, ಮೊಸರು, ಸುಣ್ಣದಂಶದ ಮಾತ್ರೆಗಳೊಡನೆ ಕೂಡದು, ಗರ್ಭಿಣಿಯರಿಗೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ ತೀವ್ರ ರೋಗಿಗಳಿಗೆ ಒಸೆಲ್ಟಾಮಿವಿರನ್ನೂ, ಸೌಮ್ಯ ರೋಗವಿದ್ದರೂ ಅಪಾಯದ ಅಂಚಿನಲ್ಲಿರುವವರಿಗೆ ಬಲಾಕ್ಸವಿರನ್ನೂ ಷರತ್ತಿನೊಡನೆ ಸೂಚಿಸಿದೆ.

ಒಸೆಲ್ಟಾಮಿವಿರಿನ ಮೂಲದ್ರವ್ಯವನ್ನು ನಮ್ಮ ಅಡುಗೆಮನೆಯ ಚಕ್ರಮೊಗ್ಗಿನಿಂದಲೂ ತೆಗೆಯುತ್ತಾರೆ. ಆದರೆ ಚಕ್ರಮೊಗ್ಗಿನ ಕಷಾಯ ಆ ಔಷಧವಲ್ಲ. ಹಲವು ರಾಸಾಯನಿಕ ಹಂತಗಳನ್ನು ದಾಟಿದ ಮೇಲಷ್ಟೇ ಔಷಧ ಸಿದ್ಧವಾಗುತ್ತದೆ. ಕಷಾಯವನ್ನು ಹಿತಕ್ಕಾಗಿ ಕುಡಿಯಿರಿ, ವೈದ್ಯರ ಬದಲಿಗೆ ಅಲ್ಲ. ಅಂಗಡಿಯವರು ಕೈಗಿತ್ತ ಆಂಟಿಬಯಾಟಿಕ್ ಕೂಡ ಈ ವೈರಾಣುವನ್ನು ಮುಟ್ಟದು.

ಸಾಧಾರಣ ನೆಗಡಿ, ಅಲ್ಪ ಜ್ವರವಾದರೆ ಆರೋಗ್ಯವಂತರಿಗೆ ವಿಶ್ರಾಂತಿಯೇ ಸಾಕು. ಗರ್ಭಿಣಿಯರು, ಎಳೆಯ ಮಕ್ಕಳು, 65 ದಾಟಿದವರು, ಮಧುಮೇಹ, ಹೃದ್ರೋಗ, ಉಬ್ಬಸ ಉಳ್ಳವರು ಮಾತ್ರ ‘ನಾಳೆ ನೋಡೋಣ’ ಎನ್ನದೆ ಮೊದಲ ದಿನವೇ ವೈದ್ಯರನ್ನು ಕಾಣಬೇಕು. ಏದುಸಿರು, ಎದೆನೋವು, ಮಂಪರು, ಕಫದಲ್ಲಿ ರಕ್ತ, ಉಗುರು ನೀಲಿಗಟ್ಟುವುದು ಕಂಡರೆ ಯಾರೇ ಆಗಲಿ ತಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು. ಎರಡು ದಿನ ಕಳೆದುಹೋಯಿತೆಂದು ಮನೆಯಲ್ಲೇ ಉಳಿಯಬಾರದು. ತೀವ್ರ ರೋಗಿಗಳಿಗೆ 48 ಗಂಟೆಗಳ ಅನಂತರವೂ ಒಸೆಲ್ಟಾಮಿವಿರ್ ಕೊಡುತ್ತಾರೆ.