ಡ್ರ್ಯಾಗನ್ ಕತೆ ಓದುತ್ತಿದ್ದಾರೆಯೇ? ಓದಲಿ ಬಿಡಿ

12–13ರ ಮಕ್ಕಳ ಕೈಯಲ್ಲಿ ನೀಲಿ ಡ್ರ್ಯಾಗನ್ ಮುಖಪುಟದ ದಪ್ಪ ಇಂಗ್ಲಿಷ್ ಪುಸ್ತಕ ಕಂಡ ತಂದೆತಾಯಿ ಶಾಲೆಯ ಲೈಬ್ರರಿಗೆ ಬಂದು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಎರಡೇ ಮಾತು. "ಮಾಟಮಂತ್ರ, ಹೊಡೆದಾಟ ಓದಿ ತಲೆ ಕೆಡಿಸಿಕೊಳ್ಳಲ್ಲ ತಾನೆ?" "ಪಾಠದ ಪುಸ್ತಕ ಮುಟ್ಟಲ್ಲ, ಇದನ್ನು ಬಿಡಲ್ಲ, ಏನು ಮಾಡೋದು?" ಎರಡೂ ನ್ಯಾಯವಾದ ಪ್ರಶ್ನೆಗಳೇ.

ಆ ನೀಲಿ ಪುಸ್ತಕದ ಹೆಸರು 'ಎರಗಾನ್'. ಬರೆದವನು ಕ್ರಿಸ್ಟೋಫರ್ ಪಾವೊಲಿನಿ. ಅಮೆರಿಕದ ಮೊಂಟಾನಾದಲ್ಲಿ ಶಾಲೆಗೆ ಹೋಗದೆ ಮನೆಯಲ್ಲೇ ಓದಿ ಬೆಳೆದ ಹುಡುಗ, 15ನೇ ವಯಸ್ಸಿಗೆ ಇದನ್ನು ಬರೆಯಲು ಕೂತ. 2002ರಲ್ಲಿ ಮನೆಯವರೇ ಅಚ್ಚು ಹಾಕಿಸಿದರು. ಮರುವರ್ಷ ದೊಡ್ಡ ಪ್ರಕಾಶನ ಸಂಸ್ಥೆ ನಾಫ್ ಅದನ್ನು ಎತ್ತಿಕೊಂಡಿತು. 2011ರ ಹೊತ್ತಿಗೆ ನಾಲ್ಕು ಸಂಪುಟಗಳಾದವು. ಹದಿಹರೆಯದ ಹುಡುಗ ಬರೆಯಲು ಶುರುಮಾಡಿದ ಕತೆ ಎಂಬುದು ತಿಳಿದಾಗ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು. ಕೆಲವರು ಅವತ್ತೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ತಮ್ಮದೇ ರಾಜ್ಯದ ನಕ್ಷೆ ಬಿಡಿಸಲು ತೊಡಗುತ್ತಾರೆ.

ಮೊದಲು ಮಂತ್ರದ ಭಯ. ಎರಗಾನ್ ಒಕ್ಕಲು ಮನೆಯ ಹುಡುಗ. ಬೇಟೆಗೆಂದು ಬೆಟ್ಟಕ್ಕೆ ಹೋದಾಗ ಸಿಕ್ಕ ನೀಲಿ ಕಲ್ಲು ಮೊಟ್ಟೆಯೆಂದು ಆಮೇಲೆ ಗೊತ್ತಾಗುತ್ತದೆ. ಒಡೆದು ಬಂದ ಮರಿಯೇ ಸಫೀರಾ. ಅವನಿಗೆ ಮಂತ್ರ ಕಲಿಸುವ ಮುದುಕ ಬ್ರೋಮ್ ಹೇಳುವ ನಿಯಮ ಕಟ್ಟುನಿಟ್ಟಿನದು. ಒಂದು ಕೆಲಸವನ್ನು ಕೈಯಿಂದ ಮಾಡಲು ಎಷ್ಟು ಶಕ್ತಿ ಬೇಕೋ ಮಂತ್ರದಿಂದ ಮಾಡಲೂ ಅಷ್ಟೇ ಬೇಕು. ಮೈಯಲ್ಲಿರುವ ಕಸುವಿಗಿಂತ ದೊಡ್ಡ ಕೆಲಸಕ್ಕೆ ಕೈಹಾಕಿದರೆ ಪ್ರಾಣವೇ ಹೋಗಬಹುದು. ಮೊದಲ ಸಲ ಮಂತ್ರ ಬಾಯಿಂದ ಹೊರಟಾಗ ಶತ್ರುಗಳೇನೋ ಸಾಯುತ್ತಾರೆ, ಇವನೂ ಶಕ್ತಿಯೆಲ್ಲ ಸೋರಿ ಕುಸಿಯುತ್ತಾನೆ. ದುಡಿಯದೆ ಏನೂ ದಕ್ಕುವುದಿಲ್ಲ ಎಂದು ನಾವು ಸಾವಿರ ಸಲ ಹೇಳಿದ್ದನ್ನು ಈ ಕತೆ ಉಪದೇಶದ ಸೋಂಕಿಲ್ಲದೆ ಹೇಳಿಬಿಡುತ್ತದೆ. ವಿಕ್ರಮ–ಬೇತಾಳ ಓದಿಕೊಂಡು ಬೆಳೆದ ನಮಗೇನೂ ಆಗಲಿಲ್ಲವಲ್ಲ!

ಹಿಂಸೆಯ ವಿಷಯ ಹಾಗಲ್ಲ, ಅದನ್ನು ನೀವು ತಿಳಿದಿರಲೇಬೇಕು. ಎರಗಾನ್‌ನನ್ನು ಸಾಕಿದ ಮಾವ ಶುರುವಿನಲ್ಲೇ ಕೊಲೆಯಾಗುತ್ತಾನೆ. ಯಾಜುವಾಕ್ ಎಂಬ ಹಳ್ಳಿಯಲ್ಲಿ ಹೆಣಗಳ ರಾಶಿ ಎದುರಾಗುತ್ತದೆ, ಆ ರಾಶಿಯಲ್ಲಿ ಹಸುಗೂಸೂ ಇದೆ. ಓದುಗರು ಹಚ್ಚಿಕೊಂಡ ಬ್ರೋಮ್ ಅರ್ಧದಾರಿಯಲ್ಲೇ ತೀರಿಕೊಳ್ಳುತ್ತಾನೆ. ಮುಂದಿನ ಸಂಪುಟಗಳಲ್ಲಿ ಯುದ್ಧ, ಚಿತ್ರಹಿಂಸೆ ಇನ್ನೂ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಮೊದಲ ಸಂಪುಟಕ್ಕೆ 12 ತುಂಬಿರಲಿ, ಕೊನೆಯದಕ್ಕೆ 14 ಆದರೆ ಒಳ್ಳೆಯದು. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ಮಗುವಾದರೆ ವಯಸ್ಸು ಎಷ್ಟೇ ಇರಲಿ, ಜೊತೆಗೆ ಕೂತು ಓದಿ. ಓದಿದ ರಾತ್ರಿ ಮಂಕಾಗಿ ಕೂತರೆ ಗಾಬರಿ ಬೇಡ. ಒಂದು ಪಾತ್ರಕ್ಕಾಗಿ ಅಳಬಲ್ಲ ಮಗು ನಾಳೆ ಮನುಷ್ಯರಿಗಾಗಿಯೂ ಮರುಗುತ್ತದೆ. ದಿನಗಟ್ಟಲೆ ನಿದ್ದೆ ಕೆಟ್ಟರೆ, ಒಬ್ಬರೇ ಮಲಗಲು ಹೆದರಿದರೆ ಮಾತ್ರ ಪುಸ್ತಕವನ್ನು ಕೆಲವು ತಿಂಗಳು ಎತ್ತಿಡಿ. ಬೈಯಬೇಡಿ, ಕಸಿದುಕೊಳ್ಳಬೇಡಿ. ಕಸಿದುಕೊಂಡದ್ದು ಹೊದಿಕೆಯೊಳಗೆ ಟಾರ್ಚ್ ಬೆಳಕಿಗೆ ಮರಳಿ ಬರುತ್ತದೆ.

ಇನ್ನು ಪಾಠದ ಮಾತು. ಸುಮಾರು 500 ಪುಟಗಳನ್ನು ಯಾರೂ ಹೇಳದೆ, ಅಂಕದ ಆಸೆಯಿಲ್ಲದೆ ಓದಿ ಮುಗಿಸುವ ತಾಳ್ಮೆಯನ್ನು ಟ್ಯೂಷನ್ ಕಲಿಸಲಾರದು. ಪರೀಕ್ಷೆಯ ವಾರ ಬಿಟ್ಟು, ಹೋಂವರ್ಕ್ ಮುಗಿದ ಮೇಲೆ, ಮಲಗುವ ತನಕ ಎಂದು ಗೊತ್ತುಮಾಡಿಕೊಟ್ಟರೆ ಸಾಕು. ಅಂದಹಾಗೆ, ಈ ಕಥಾನಾಯಕನಿಗೆ ಮೊದಲಿಗೆ ಓದೇ ಬರುವುದಿಲ್ಲ. ಟೀರ್ಮ್ ಎಂಬ ಪಟ್ಟಣದಲ್ಲಿ ಬ್ರೋಮ್ ಅವನನ್ನು ಕೂರಿಸಿಕೊಂಡು ಅಕ್ಷರ ಕಲಿಸುತ್ತಾನೆ. ಓದು ಬೇಸರವೆನ್ನುವ ಮಕ್ಕಳಿಗೆ ನಾನು ಮೊದಲು ಹೇಳುವುದೇ ಈ ಪ್ರಸಂಗವನ್ನು.

ಮಾತಿಗೆ ಎಳೆ ಬೇಕೆಂದರೆ ಎಲ್ವಾ ಬಗ್ಗೆ ಕೇಳಿ. ಎರಗಾನ್ ಒಳ್ಳೆಯ ಮನಸ್ಸಿನಿಂದಲೇ ಒಂದು ಕೂಸನ್ನು ಹರಸುತ್ತಾನೆ, ಮಂತ್ರದಲ್ಲಿ ತಪ್ಪು ನುಸುಳುತ್ತದೆ. ಸುತ್ತಲಿನವರ ನೋವನ್ನೆಲ್ಲ ಆ ಮಗು ತಾನೇ ಉಣ್ಣಬೇಕಾಗುತ್ತದೆ. ಇದು ಬೆಳಕಿಗೆ ಬರುವುದು ಎರಡನೇ ಸಂಪುಟದಲ್ಲಿ. ಅಲ್ಲಿಯವರೆಗೆ ಗುಟ್ಟು ಬಿಡಬೇಡಿ. ಬೇಕೆಂದು ಮಾಡದ ತಪ್ಪಿಗೂ ಹೊಣೆ ಹೊರಬೇಕೇ ಎಂದು ಕೇಳಿ ನೋಡಿ, ಮಕ್ಕಳು ಎಷ್ಟು ಚೆನ್ನಾಗಿ ವಾದಿಸುತ್ತಾರೆ!

"ನಮಗೆ ಅಷ್ಟು ಇಂಗ್ಲಿಷ್ ಬರಲ್ಲ ಮೇಡಂ" ಎನ್ನುವ ಅಮ್ಮಂದಿರೂ ಇದ್ದಾರೆ. ಅದೇನು ಅಡ್ಡಿಯಲ್ಲ. ರಾತ್ರಿ ಊಟಕ್ಕೆ ಕೂತಾಗ "ಇವತ್ತು ಎಲ್ಲಿವರೆಗೆ ಬಂತು ಕತೆ?" ಎಂದು ಕೇಳಿ, ಮಗಳು ಕನ್ನಡದಲ್ಲಿ ಹೇಳಲಿ. ಇಂಗ್ಲಿಷಿನಲ್ಲಿ ಓದಿದ್ದನ್ನು ತನ್ನ ಮಾತಿಗೆ ತಂದು ಹೇಳುವಾಗ ಎಷ್ಟು ಅರ್ಥವಾಗಿದೆ, ಯಾವುದು ಮನಸ್ಸಿಗೆ ನಾಟಿದೆ, ಯಾವುದಕ್ಕೆ ಹೆದರಿದ್ದಾಳೆ ಎಲ್ಲವೂ ನಿಮಗೆ ಗೊತ್ತಾಗುತ್ತದೆ. ಇವತ್ತಿನಿಂದಲೇ ಶುರುಮಾಡಿ. ಊಟದ ಹೊತ್ತಿಗೆ ಟಿವಿ ಮಾತ್ರ ಆರಿಸಿಡಿ.