ಮಕ್ಕಳ ಮಲಬದ್ಧತೆ: ಔಷಧಿಗೆ ಮೊದಲು

ಮಗುವಿಗೆ ಮೂರು ದಿನಗಳಿಂದ ಮಲವಿಸರ್ಜನೆಯಾಗಿಲ್ಲವೆಂದರೆ ಮನೆಯವರ ಕೈ ಮೊದಲು ಹರಳೆಣ್ಣೆಯ ಸೀಸೆಯತ್ತ ಚಾಚುತ್ತದೆ. ಆದರೆ ಬಹುಪಾಲು ಮಕ್ಕಳಲ್ಲಿ ಈ ತೊಂದರೆಯ ಹಿಂದೆ ಇರುವುದು ಕರುಳಿನ ರೋಗವಲ್ಲ, ನೋವಿನ ಭಯ. ಒಮ್ಮೆ ಗಟ್ಟಿ ಮಲ ಹೊರಬರುವಾಗ ನೋವಾದರೆ ಮಗು ಮರುದಿನ ಅದನ್ನು ತಡೆದುಕೊಳ್ಳುತ್ತದೆ. ಒಳಗೆ ಉಳಿದ ಮಲದಿಂದ ದೊಡ್ಡ ಕರುಳು ನೀರನ್ನು ಹೀರಿಕೊಳ್ಳುತ್ತಲೇ ಇರುವುದರಿಂದ ಅದು ಮತ್ತಷ್ಟು ಗಟ್ಟಿಯಾಗುತ್ತದೆ. ಕಾಲುಗಳನ್ನು ಬಿಗಿಯಾಗಿ ಜೋಡಿಸಿ ತುದಿಗಾಲಲ್ಲಿ ನಿಲ್ಲುವ, ಬಾಗಿಲ ಮರೆಯಲ್ಲಿ ಅವಿತುಕೊಳ್ಳುವ ಮಗು ತಿಣುಕುತ್ತಿದೆಯೆಂದು ಹಿರಿಯರು ಭಾವಿಸುತ್ತಾರೆ. ವಾಸ್ತವವಾಗಿ ಅದು ತಡೆಯುತ್ತಿರುತ್ತದೆ. ಚಡ್ಡಿಯಲ್ಲಿ ಆಗಾಗ ಸೋರುವ ತೆಳು ಮಲವೂ ಭೇದಿಯಾಗಿರದೆ, ಕಟ್ಟಿ ನಿಂತ ಮಲದ ಸುತ್ತಲಿಂದ ಜಿನುಗಿದ್ದಾಗಿರಬಹುದು. ಮಗುವಿಗೆ ಅದರ ಮೇಲೆ ಹತೋಟಿಯಿರುವುದಿಲ್ಲ. ಅದಕ್ಕಾಗಿ ಗದರಿಸುವುದು ಅನ್ಯಾಯ.

ಆದುದರಿಂದ ಮೊದಲು ಒದಗಿಸಬೇಕಾದುದು ಬಿಡುವು. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕುಗೊಳ್ಳುತ್ತದೆ. ಊಟವಾದ ಅರ್ಧ ಗಂಟೆಯೊಳಗೆ ಮಗುವನ್ನು 5ರಿಂದ 10 ನಿಮಿಷ ಶೌಚಕ್ಕೆ ಕೂರಿಸಬೇಕು. ನೀರು ಬರುವ ವೇಳೆ, ಶಾಲೆಯ ಬಸ್ಸು, ಮುಂಬಯಿಯ ಚಾಳುಗಳಲ್ಲಾದರೆ ಶೌಚಾಲಯದ ಮುಂದಿನ ಸಾಲು, ಇವೆಲ್ಲದರ ನಡುವೆ ನಗರದ ಬೆಳಗಿನಲ್ಲಿ ಈ ಬಿಡುವು ಸಿಗುವುದು ಕಷ್ಟವೇ. ಬೆಳಗ್ಗೆಯೇ ಆಗಬೇಕೆಂಬ ನಿಯಮವೇನೂ ಇಲ್ಲ. ರಾತ್ರಿಯ ಊಟದ ನಂತರವಾದರೂ ಸರಿ, ದಿನವೂ ಅದೇ ವೇಳೆಯಾಗಿರಲಿ. ಕುಕ್ಕರಗಾಲಿನ ಭಂಗಿ ಮಲ ಸುಲಭವಾಗಿ ಇಳಿಯಲು ಅನುಕೂಲಕರ. ಕಮೋಡ್ ಇರುವ ಮನೆಗಳಲ್ಲಿ ಪಾದಗಳ ಕೆಳಗೆ ಮಣೆಯೊಂದನ್ನಿಟ್ಟು, ಮಂಡಿಗಳು ಸೊಂಟಕ್ಕಿಂತ ತುಸು ಮೇಲಿರುವಂತೆ ನೋಡಿಕೊಳ್ಳಬೇಕು. ಮಲ ಬರಲಿ, ಬಾರದಿರಲಿ, ಕುಳಿತಿದ್ದಕ್ಕೇ ಮೆಚ್ಚುಗೆ ಸಲ್ಲಬೇಕು. ಶಾಲೆಯ ಶೌಚಾಲಯಕ್ಕೆ ಅಸಹ್ಯಪಟ್ಟೋ ಅನುಮತಿ ಕೇಳಲು ಅಂಜಿಯೋ ದಿನವಿಡೀ ತಡೆದುಕೊಳ್ಳುವ ಮಕ್ಕಳ ವಿಷಯವನ್ನು ಪೋಷಕರು ಶಿಕ್ಷಕರಿಗೆ ತಿಳಿಸುವುದು ಒಳಿತು.

ಎರಡು ವರ್ಷ ದಾಟಿದ ಮಗುವಿಗೆ ದಿನಕ್ಕೆ ಬೇಕಾದ ನಾರಿನಂಶವನ್ನು ಅಂದಾಜು ಮಾಡಲು ಅದರ ವಯಸ್ಸಿಗೆ 5 ಕೂಡಿಸಬಹುದು: ಆರು ವರ್ಷಕ್ಕೆ 11 ಗ್ರಾಂ. ರಾಗಿಮುದ್ದೆ, ಚಪಾತಿ, ಹೆಸರುಕಾಳು, ಸೊಪ್ಪಿನ ಹುಳಿ, ಸೀಬೆ, ಪಪ್ಪಾಯಿಗಳಿಂದ ಇದು ಸುಲಭವಾಗಿ ದೊರೆಯುತ್ತದೆ, ಮೈದಾದ ಬಿಸ್ಕತ್ತಿನಿಂದಲ್ಲ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುವ ಮಗುವಿಗೆ ಇತರ ಆಹಾರಕ್ಕೆ ಹಸಿವೇ ಉಳಿಯುವುದಿಲ್ಲ. ಆದರೆ ಭಯದಿಂದ ತಡೆದುಕೊಳ್ಳುವ ಮಗುವಿಗೆ ನಾರು, ನೀರುಗಳಷ್ಟೇ ಸಾಲವು.

ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಸವರಿ ಗುದದ್ವಾರದಲ್ಲಿಡುವ, ಸಾಬೂನಿನ ಚೂರು ತೂರಿಸುವ ರೂಢಿ ಕೆಲವೆಡೆ ಇದೆ. ಇದರಿಂದ ಒಳಪದರಕ್ಕೆ ಗಾಯವಾಗಬಹುದು. ಮಗುವಿನ ಭಯವಂತೂ ಇಮ್ಮಡಿಸುತ್ತದೆ.

ಎದೆಹಾಲನ್ನಷ್ಟೇ ಕುಡಿಯುವ ಆರು ವಾರ ದಾಟಿದ ಶಿಶು ಕೆಲವು ದಿನ ಮಲವಿಸರ್ಜಿಸದಿದ್ದರೂ, ಮಲ ಮೃದುವಾಗಿದ್ದು ಮಗು ಲವಲವಿಕೆಯಿಂದಿದ್ದರೆ ಅದು ಮಲಬದ್ಧತೆಯಲ್ಲ. ಹುಟ್ಟಿದ 48 ಗಂಟೆಗಳಲ್ಲಿ ಮೊದಲ ಮಲ ಹೋಗದಿರುವುದು, ಹೊಟ್ಟೆಯುಬ್ಬರ, ವಾಂತಿ, ಮಲದಲ್ಲಿ ರಕ್ತ, ತೂಕ ಏರದಿರುವುದು, ಕಾಲುಗಳಲ್ಲಿ ಬಲಹೀನತೆ, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸಬೇಕು. ಮಲ ಒಳಗೆ ಗಟ್ಟಿಯಾಗಿ ಕಟ್ಟಿಕೊಂಡಿದ್ದರೂ ಔಷಧಿ ಅನಿವಾರ್ಯ. ವೈದ್ಯರು ಕೊಟ್ಟ ಔಷಧಿಯನ್ನು ಮಲ ಸಡಿಲವಾದೊಡನೆ ತಾವಾಗಿಯೇ ನಿಲ್ಲಿಸಬಾರದು. ಹಿಗ್ಗಿದ ಕರುಳು ಮೊದಲಿನ ಸ್ಥಿತಿಗೆ ಮರಳಲು ತಿಂಗಳುಗಳೇ ಹಿಡಿಯಬಹುದು.