ಹಳೆಯ ಓಮ್ನಿ ವ್ಯಾನು: ಆಗಾಗ ಸ್ಟಾರ್ಟ್ ಆಗದ ದೋಷವನ್ನು ಪತ್ತೆಹಚ್ಚುವ ಕ್ರಮ

ಸರಕು ಸಾಗಣೆಗೆ ಹಳೆಯ ಮಾರುತಿ ಓಮ್ನಿಯನ್ನೇ ನೆಚ್ಚಿಕೊಂಡಿರುವ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ನಮ್ಮಲ್ಲಿ ಇನ್ನೂ ಇದ್ದಾರೆ. 1984ರಲ್ಲಿ ಮಾರುಕಟ್ಟೆಗೆ ಬಂದ ಈ ವಾಹನದ ತಯಾರಿಕೆ 2019ರಲ್ಲಿ ನಿಂತಿತು. ಇದರ 796 ಸಿ.ಸಿ.ಯ ಮೂರು ಸಿಲಿಂಡರುಗಳ ಎಂಜಿನ್ ಸರಳವಾದುದು. ಆದರೂ ಕಾರ್ಬೊರೇಟರ್ ಉಳ್ಳ ಹಳೆಯ ವ್ಯಾನು ಒಂದು ದಿನ ಸುಲಭವಾಗಿ ಸ್ಟಾರ್ಟ್ ಆಗಿ, ಮರುದಿನ ಮೊಂಡು ಹಿಡಿದು, ಐಡಲಿಂಗ್‌ನಲ್ಲಿ ನಡುಗತೊಡಗಿದಾಗ, ದೋಷಕ್ಕಿಂತಲೂ ಊಹೆಯ ದುರಸ್ತಿಯೇ ಮಾಲೀಕನಿಗೆ ದುಬಾರಿಯಾಗುತ್ತದೆ. ಪ್ಲಗ್, ಬ್ಯಾಟರಿ, ಕಾರ್ಬೊರೇಟರ್ ಕಿಟ್ ಎಂದು ಒಂದೊಂದನ್ನೇ ಬದಲಾಯಿಸುತ್ತ ಹೋದರೆ ಬಿಲ್ಲು ಬೆಳೆಯುತ್ತದೆ. ವ್ಯಾನು ಮತ್ತೊಂದು ಮುಂಜಾನೆ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಸರಕಿನ ಸಮೇತ ನಿಂತಿರುತ್ತದೆ.

ಮೊದಲು ಚಾಲಕನಿಂದ ಎರಡು ಸಂಗತಿಗಳನ್ನು ಬರೆಸಿಕೊಳ್ಳತಕ್ಕದ್ದು. ದೋಷ ಕಾಣಿಸಿದಾಗ ಎಂಜಿನ್ ತಣ್ಣಗಿತ್ತೇ, ಬಿಸಿಯಾಗಿತ್ತೇ? ಸೆಲ್ಫ್ ಮೋಟಾರು ಎಂದಿನ ವೇಗದಲ್ಲಿ ತಿರುಗಿತೇ? ಈ ಟಿಪ್ಪಣಿಯಿಲ್ಲದೆ ಗ್ಯಾರೇಜಿಗೆ ಹೋದರೆ, ಅಲ್ಲಿ ವ್ಯಾನು ಸರಿಯಾಗಿಯೇ ಸ್ಟಾರ್ಟ್ ಆಗುವುದು ಎಲ್ಲರ ಅನುಭವ.

ಸೆಲ್ಫ್ ನಿಧಾನವಾಗಿ ತಿರುಗುತ್ತಿದ್ದರೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಇಷ್ಟಕ್ಕೇ ನಿಲ್ಲಿಸಬಾರದು. ಸೆಲ್ಫ್ ತಿರುಗುತ್ತಿರುವಾಗಲೇ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಎಂಜಿನ್ನಿನ ಲೋಹಕ್ಕೂ ನಡುವೆ ಅಳೆಯಬೇಕು. ಅಲ್ಲಿ 0.5 ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥ್ ವಯರ್ ಅಥವಾ ಅದರ ತುಕ್ಕು ಹಿಡಿದ ಜೋಡಣೆಯೇ ಕಾರಣ. ಒಳ್ಳೆಯ ಬ್ಯಾಟರಿಯನ್ನು ಎಸೆದು ಹೊಸದನ್ನು ಕೊಳ್ಳುವ ಖರ್ಚು ಬಹಳ ಸಲ ಈ ಒಂದು ಅಳತೆಯಿಂದ ಉಳಿಯುತ್ತದೆ.

ಸೆಲ್ಫ್ ಚುರುಕಾಗಿದ್ದೂ ಎಂಜಿನ್ ಹತ್ತದಿದ್ದರೆ ಕಿಡಿಯಿಲ್ಲವೋ ಪೆಟ್ರೋಲಿಲ್ಲವೋ ಎಂಬುದನ್ನು ಆ ಕ್ಷಣದಲ್ಲಿಯೇ ತಿಳಿಯಬೇಕು. ಬೇರೊಂದು ಪ್ಲಗ್ಗನ್ನು ವಯರಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್ನಿಗೆ ಭದ್ರವಾಗಿ ತಾಗಿರುವಂತೆ ಇರಿಸಿ ಸೆಲ್ಫ್ ಹೊಡೆದರೆ ನೀಲಿ ಕಿಡಿ ಕಾಣಬೇಕು. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ, ಪೆಟ್ರೋಲ್ ವಾಸನೆಯಿದ್ದರೆ ಈ ಪರೀಕ್ಷೆಗೆ ಕೈಹಾಕಬಾರದು. ಬಿಸಿಯಾದಾಗ ಕಿಡಿ ಮಾಯವಾಗಿ, ಅರ್ಧ ಗಂಟೆ ತಣಿದ ಮೇಲೆ ಮರಳಿದರೆ ಇಗ್ನಿಷನ್ ಕಾಯಿಲ್ ಅಥವಾ ಎಲೆಕ್ಟ್ರಾನಿಕ್ ಮಾಡ್ಯೂಲಿನ ಮೇಲೆ ಸಂಶಯಪಡಬಹುದು. ತಣ್ಣಗಿರುವಾಗ ಇವನ್ನು ಪರೀಕ್ಷಿಸಿ ಸರಿಯಿದೆಯೆಂದು ಹೇಳುವುದಕ್ಕೆ ಅರ್ಥವಿಲ್ಲ.

ಐಡಲಿಂಗ್ ನಡುಕಕ್ಕೆ, ಎಂಜಿನ್ ನಡೆಯುತ್ತಿರುವಾಗ ಪ್ಲಗ್ ವಯರುಗಳನ್ನು ಇನ್ಸುಲೇಟೆಡ್ ಇಕ್ಕಳದಿಂದ ಒಂದೊಂದಾಗಿ ಕಳಚಿ ಅರ್ಥ್ ಮಾಡಿ ನೋಡುವ ಹಳೆಯ ಕ್ರಮವಿದೆ. ಇದು ಅನುಭವಸ್ಥ ಮೆಕ್ಯಾನಿಕ್ ಮಾಡತಕ್ಕ ಕೆಲಸ. ಯಾವ ವಯರ್ ತೆಗೆದರೂ ನಡುಕ ಬದಲಾಗದೋ ಆ ಸಿಲಿಂಡರೇ ದುರ್ಬಲ. ಅಲ್ಲಿ ಪ್ಲಗ್, ಟ್ಯಾಪೆಟ್, ಕಂಪ್ರೆಷನ್ ನೋಡಬೇಕು. ಗ್ಯಾಸಿನಲ್ಲಿ ಓಡಿಸಿದ ವಾಹನಗಳಲ್ಲಿ ವಾಲ್ವ್ ಸೀಟು ಸವೆದು ಟ್ಯಾಪೆಟ್ ಬಿಗಿಯಾಗಿರುವ ಸಂಭವವೂ ಉಂಟು. ಮೂರೂ ಸಮಾನವಾಗಿ ದುರ್ಬಲವಾಗಿದ್ದರೆ ಕಾರ್ಬೊರೇಟರಿನ ಐಡಲ್ ಜೆಟ್ಟಿನ ಕಸ ಅಥವಾ ಸೀಳಿದ ವ್ಯಾಕ್ಯೂಮ್ ಹೋಸು ಕಾರಣವಿರಬಹುದು.

ಹೋಸುಗಳ ವಿಷಯದಲ್ಲಿ ಇತ್ತೀಚೆಗೆ ಹೆಚ್ಚಿನ ಎಚ್ಚರ ಅಗತ್ಯ. 2025ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಮಿಶ್ರಣ ಶೇಕಡಾ 20ನ್ನು ಮುಟ್ಟಿತು. ಹಳೆಯ ರಬ್ಬರು ಇದನ್ನು ಸಹಿಸುವಂತೆ ತಯಾರಾದುದಲ್ಲ. ಅದು ಉಬ್ಬಿ, ಬಿರಿದು, ಚೂರುಗಳು ಜೆಟ್ಟಿಗೆ ಸೇರುತ್ತವೆ. ವಾರಗಟ್ಟಲೆ ನಿಲ್ಲಿಸಿದ ವ್ಯಾನಿನ ಟ್ಯಾಂಕಿನಲ್ಲಿ ಎಥೆನಾಲ್ ತೇವವನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ಕಾರ್ಬೊರೇಟರನ್ನು ಬಿಚ್ಚಿಸುವ ಮೊದಲು ಪೆಟ್ರೋಲ್ ಹೋಸುಗಳನ್ನೂ ಫಿಲ್ಟರನ್ನೂ ಬದಲಾಯಿಸುವುದು ಲೇಸು. ಕ್ರಮ ತಲೆಕೆಳಗಾದರೆ ಶುಚಿಗೊಳಿಸಿದ ಜೆಟ್ಟು ಮತ್ತೆ ಕಟ್ಟಿಕೊಂಡು, ಕೂಲಿಯನ್ನು ಎರಡು ಸಲ ತೆರಬೇಕಾಗುತ್ತದೆ.